ಎಂಜಿಬಿ ಕುದಿಯುವುದು ಯಾವಾಗ?

ಎಂಜಿಬಿ ಎಂಬ ಎರಡು ಸೀಟಿನ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಮಾರುಕಟ್ಟೆಗೆ ಬಂದದ್ದು 1962ರಲ್ಲಿ. 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಿಂದ ಐದು ಲಕ್ಷಕ್ಕೂ ಹೆಚ್ಚು ಗಾಡಿಗಳು ಹೊರಬಂದವು. ಅವುಗಳಲ್ಲಿ ದೊಡ್ಡ ಪಾಲು ಅಮೆರಿಕಕ್ಕೆ ಹಡಗು ಹತ್ತಿತು. ಬಾನೆಟ್ ಎತ್ತಿದರೆ ಕಾಣುವುದು 1,798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. ಬ್ಲಾಕೂ ಬೀಡುಕಬ್ಬಿಣ, ಹೆಡ್ಡೂ ಬೀಡುಕಬ್ಬಿಣ. ಕಂಪ್ಯೂಟರ್ ಇಲ್ಲ, ಸೆನ್ಸರುಗಳ ಜಾಲವಿಲ್ಲ. ಏನು ಕೆಟ್ಟರೂ ಬಹುಮಟ್ಟಿಗೆ ಕಣ್ಣಿಗೆ ಕಾಣುವ, ಸ್ಪ್ಯಾನರಿಗೆ ಸಿಗುವ ಜಾಗದಲ್ಲೇ ಕೆಡುತ್ತದೆ. ಆದರೂ ಈ ಗಾಡಿ ಬಿಸಿಯಾಗತೊಡಗಿದರೆ ಎಷ್ಟೋ ಮಾಲೀಕರು ಮೊದಲು ಮಾಡುವ ಕೆಲಸ ದೊಡ್ಡದೊಂದು ಅಲ್ಯೂಮಿನಿಯಂ ರೇಡಿಯೇಟರ್ ತರಿಸುವುದು. ಹಣ ಹೋಗುತ್ತದೆ, ಕಾವು ಉಳಿಯುತ್ತದೆ. ಕಾರ್ಖಾನೆ ಕೊಟ್ಟ ಏರ್ಪಾಡು ನೆಟ್ಟಗಿದ್ದರೆ ಈ ಎಂಜಿನ್ನಿಗೆ ಅದೇ ಸಾಕು. ಅದು ಎಲ್ಲಿ ಕೆಟ್ಟಿದೆ ಎಂದು ಪತ್ತೆಹಚ್ಚಬೇಕು. ಮೊದಲ ಸುಳಿವು ಸಿಗುವುದು ಗಾಡಿ ಯಾವ ಹೊತ್ತಿನಲ್ಲಿ ಬಿಸಿಯಾಗುತ್ತದೆ ಎಂಬುದರಲ್ಲಿ.

ಪೆಟ್ರೋಲ್ ಎಂಜಿನ್ನಿನಲ್ಲಿ ಸುಟ್ಟ ಇಂಧನದ ಶಕ್ತಿ ಸ್ಥೂಲವಾಗಿ ಮೂರು ಪಾಲಾಗುತ್ತದೆ. ಒಂದು ಪಾಲು ಚಕ್ರ ತಿರುಗಿಸುತ್ತದೆ, ಒಂದು ಸೈಲೆನ್ಸರಿನಲ್ಲಿ ಹೊರಹೋಗುತ್ತದೆ, ಇನ್ನೊಂದನ್ನು ನೀರು ಹೊತ್ತೊಯ್ಯಬೇಕು. 95 ಅಶ್ವಶಕ್ತಿಯ ಎಂಜಿಬಿ ಪೂರ್ತಿ ಜೋರಿನಲ್ಲಿ ಓಡುವಾಗ ನೀರಿನ ಪಾಲಿಗೆ ಬರುವ ಕಾವು ಸುಮಾರು 50 ಕಿಲೋವ್ಯಾಟ್. ಬಚ್ಚಲುಮನೆಯ 2 ಕಿಲೋವ್ಯಾಟಿನ ಗೀಸರುಗಳನ್ನು ಇಪ್ಪತ್ತೈದು ಒಟ್ಟಿಗೆ ಹಚ್ಚಿದಷ್ಟು. ಇದನ್ನೆಲ್ಲ ಹೊರಹಾಕಲು ಹಳೆಯ ಮಾದರಿಗಳಲ್ಲಿ ಇರುವುದು ಹೀಟರಿನದೂ ಸೇರಿ ಸುಮಾರು 5.7 ಲೀಟರ್ ನೀರು. ಒಂದು ಬಕೆಟ್ಟೂ ತುಂಬದಷ್ಟು ನೀರು ನಿಲ್ಲದೆ ಸುತ್ತುತ್ತಿರಬೇಕು, ಸುತ್ತುವಾಗ ರೇಡಿಯೇಟರಿನಲ್ಲಿ ಗಾಳಿಗೆ ಕಾವು ಬಿಡುತ್ತಿರಬೇಕು. ಸುತ್ತು ನಿಧಾನವಾದರೂ ಕಷ್ಟ, ಗಾಳಿ ಸಾಲದಿದ್ದರೂ ಕಷ್ಟ, ಮೂರನೆಯ ಪಾಲೇ ಅಳತೆ ಮೀರಿ ಬೆಳೆದರೂ ಕಷ್ಟ. ಮುಂದೆ ಬರುವ ದೋಷಗಳೆಲ್ಲ ಈ ಮೂರರಲ್ಲಿ ಯಾವುದಾದರೊಂದರ ಕೆಳಗೆ ಬರುತ್ತವೆ.

ಸ್ಪ್ಯಾನರ್ ಹಿಡಿಯುವ ಮುಂಚೆ ಗಾಡಿ ನಿಜಕ್ಕೂ ಬಿಸಿಯಾಗಿದೆಯೇ ಎಂದು ನೋಡಬೇಕು. ಕಾವು ತೋರಿಸುವ ಗೇಜ್ ಹೇಳಿದ್ದೆಲ್ಲ ನಿಜವಲ್ಲ. ಮೊದಲ ವರ್ಷಗಳ ಎಂಜಿಬಿಯಲ್ಲಿ ಗೇಜಿನಿಂದ ಹೆಡ್ಡಿನವರೆಗೆ ಕೂದಲಿನಷ್ಟು ಸಣ್ಣ ರಂಧ್ರದ ತಾಮ್ರದ ಕೊಳವೆಯೊಂದು ಹೋಗುತ್ತದೆ. ಅದರೊಳಗಿನ ದ್ರವದ ಒತ್ತಡವೇ ಮುಳ್ಳನ್ನು ತಳ್ಳುವುದು. ಕೊಳವೆ ಮುರಿದರೆ ಮುಳ್ಳು ಸತ್ತಂತೆ ಬಿದ್ದಿರುತ್ತದೆ, ಎಂಜಿನ್ ಕುದಿಯುತ್ತಿದ್ದರೂ ಗೇಜ್ ತಣ್ಣಗೆ ಕೂತಿರುತ್ತದೆ. ನಂತರದ ಮಾದರಿಗಳ ಗೇಜ್ ವಿದ್ಯುತ್ತಿನದು. ಬ್ಯಾಟರಿಯ ವೋಲ್ಟೇಜ್ ಏರಿಳಿದರೂ ಗೇಜಿಗೆ 10 ವೋಲ್ಟ್ ಮಾತ್ರ ಹೋಗುವಂತೆ ನೋಡಿಕೊಳ್ಳುವ ಸ್ಟೆಬಿಲೈಜರ್ ಎಂಬ ಪುಟ್ಟ ಡಬ್ಬಿ ಡ್ಯಾಶ್‌ಬೋರ್ಡಿನ ಹಿಂದೆ ಇರುತ್ತದೆ. ಅದು ಕೆಟ್ಟರೆ ಅಥವಾ ಅದರ ಅರ್ಥ್ ಸಡಿಲವಾದರೆ 12 ವೋಲ್ಟ್ ನೇರವಾಗಿ ಹೋಗಿ ಮುಳ್ಳು ಮೇಲೇರುತ್ತದೆ. ಗುರುತಿಸುವುದು ಸುಲಭ. ಪೆಟ್ರೋಲ್ ಗೇಜಿಗೂ ಅದೇ ಡಬ್ಬಿಯಿಂದಲೇ ಕರೆಂಟ್ ಹೋಗುವುದರಿಂದ, ಬಂಕಿಗೆ ಹೋಗದೆಯೇ ಟ್ಯಾಂಕ್ ತುಂಬಿದಂತೆ ತೋರಿಸಿ, ಅದೇ ಹೊತ್ತಿಗೆ ಎಂಜಿನ್ನೂ ಬಿಸಿಯೆಂದು ತೋರಿಸಿದರೆ ರೇಡಿಯೇಟರನ್ನು ಅದರ ಪಾಡಿಗೆ ಬಿಟ್ಟು ಆ ಡಬ್ಬಿಯನ್ನು ಬದಲಿಸಬೇಕು.

ಗುರಿಯಿಟ್ಟು ಒತ್ತಿದರೆ ಕಾವನ್ನು ಅಂಕಿಯಲ್ಲಿ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಈಗ ಅಗ್ಗ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಸಾಧನದ ಅಣ್ಣನಂತಿರುವ ಇದು ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಆದರೆ ಹೊಳೆಯುವ ಲೋಹದ ಮೇಲೆ ಅದು ಕಡಿಮೆ ಅಂಕಿ ತೋರಿಸುತ್ತದೆ. ರೇಡಿಯೇಟರಿಗೆ ಹೋಗುವ ನೀರಿಗೆ ಬಾಗಿಲಿನಂತಿರುವ ಥರ್ಮೋಸ್ಟಾಟಿನ ಲೋಹದ ಕವಚದ ಮೇಲೆ ಹೊಳಪಿಲ್ಲದ ಕಪ್ಪು ಬಣ್ಣವನ್ನು ಒಂದು ರೂಪಾಯಿ ನಾಣ್ಯದಷ್ಟು ಬಳಿದು, ಒಣಗಿದ ಮೇಲೆ ಅಲ್ಲಿಗೇ ಗುರಿ ಹಿಡಿದರೆ ನಂಬಬಹುದಾದ ಅಂಕಿ ಸಿಗುತ್ತದೆ. 80ರಿಂದ 95 ಡಿಗ್ರಿಯ ನಡುವೆ ಇದ್ದರೆ ಗಾಬರಿ ಬೇಡ. ಜೋರಾಗಿ ಓಡಿಬಂದ ಗಾಡಿಯನ್ನು ನಿಲ್ಲಿಸಿ ಎಂಜಿನ್ ಆರಿಸಿದಾಗ ಪಂಪೂ ನಿಲ್ಲುತ್ತದೆ, ಕಬ್ಬಿಣದೊಳಗಿನ ಕಾವು ನಿಂತ ನೀರಿಗೆ ಇಳಿದು ಕೆಲವು ನಿಮಿಷ ಅಂಕಿ ಮೇಲೇರುತ್ತದೆ. ಅದು ರೋಗವಲ್ಲ. ಟ್ರಾಫಿಕ್ಕಿನಲ್ಲಿ ಎಂಜಿನ್ ಮುಕ್ಕರಿಸಿ ನಿಂತರೆ ಅದೂ ಬಹಳ ಸಲ ನೀರಿನ ತಪ್ಪಲ್ಲ. ಈ ಎಂಜಿನ್ನಿನಲ್ಲಿ ಕಾರ್ಬ್ಯುರೇಟರುಗಳೂ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಒಂದೇ ಬದಿಯಲ್ಲಿವೆ. ನಡುವಿನ ತಗಡಿನ ಮರೆ ಕಳೆದುಹೋಗಿದ್ದರೆ ಕುದಿಯುವುದು ಪೆಟ್ರೋಲ್.

ಗೇಜ್ ನಿಜ ಹೇಳುತ್ತಿದೆ ಎಂದಾದ ಮೇಲೆ ಮೊದಲಿನ ಪ್ರಶ್ನೆಗೆ ಬರಬೇಕು. ಹೆದ್ದಾರಿಯಲ್ಲಿ ಚೆನ್ನಾಗಿ ಓಡಿ ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಬಿಸಿಯಾಗುವ ಗಾಡಿಯಲ್ಲಿ ಕೊರತೆ ಗಾಳಿಯದು. ಊರೊಳಗೆ ತಣ್ಣಗಿದ್ದು, ಗಂಟೆಗೆ 90 ಕಿಲೋಮೀಟರ್ ದಾಟಿದ ಮೇಲೆ ಮೆಲ್ಲಗೆ ಮುಳ್ಳು ಏರಿಸುವ ಗಾಡಿಯಲ್ಲಿ ಗಾಳಿಗೆ ಬರವಿಲ್ಲ. ಅಲ್ಲಿ ನೀರು ಸಾಕಷ್ಟು ಸುತ್ತುತ್ತಿಲ್ಲ, ಇಲ್ಲವೇ ರೇಡಿಯೇಟರ್ ಕಟ್ಟಿಕೊಂಡಿದೆ, ಇಲ್ಲವೇ ಎಂಜಿನ್ನೇ ಹೆಚ್ಚು ಕಾವು ಹುಟ್ಟಿಸುತ್ತಿದೆ. ಬೆಳಿಗ್ಗೆ ಹಚ್ಚಿದ ಐದೇ ನಿಮಿಷದಲ್ಲಿ ಕುದಿದರೆ ಥರ್ಮೋಸ್ಟಾಟ್ ಮುಚ್ಚಿಕೊಂಡು ಕೂತಿರಬಹುದು, ಬ್ಲಾಕಿಗೂ ಹೆಡ್ಡಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಸುಟ್ಟಿರಬಹುದು. ಸರಿಯಾಗಿ ಓಡುತ್ತಿದ್ದ ಗಾಡಿಯಲ್ಲಿ ಕೆಂಪು ಇಗ್ನಿಷನ್ ದೀಪ ಹೊತ್ತಿಕೊಂಡು ಹಿಂದೆಯೇ ಮುಳ್ಳು ಏರಿದರೆ ಬಾನೆಟ್ ಎತ್ತದೆಯೇ ಹೇಳಬಹುದು, ಫ್ಯಾನ್ ಬೆಲ್ಟ್ ಹರಿದಿದೆ ಎಂದು. ಡೈನಮೊವನ್ನೂ ನೀರಿನ ಪಂಪನ್ನೂ ತಿರುಗಿಸುವುದು ಆ ಒಂದೇ ಬೆಲ್ಟ್.

ಗಾಳಿಯ ಕಡೆಯಿಂದ ಶುರುಮಾಡುವುದು ಜಾಣತನ, ಏಕೆಂದರೆ ಅಲ್ಲಿ ಖರ್ಚು ಕಡಿಮೆ. ಬೆಲ್ಟನ್ನು ಅದರ ಉದ್ದನೆಯ ಓಟದ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 13 ಮಿಲಿಮೀಟರ್ ಬಗ್ಗಬೇಕು. ಹೆಚ್ಚು ಬಗ್ಗಿದರೆ ಜಾರುತ್ತದೆ. ತೀರಾ ಬಿಗಿಯಾದರೆ ಪಂಪಿನ ಬೇರಿಂಗ್ ತಿನ್ನುತ್ತದೆ. ಹಿಂದೆ ಯಾರಾದರೂ ಪಂಪ್ ಬದಲಿಸಿದ್ದರೆ ಫ್ಯಾನಿನ ರೆಕ್ಕೆಗಳನ್ನು ತಿರುಗಾಮುರುಗಾ ಕೂರಿಸಿದ್ದಾರೆಯೇ ಎಂದು ನೋಡಬೇಕು. ಉಲ್ಟಾ ಕೂರಿಸಿದ ಫ್ಯಾನ್ ಗಾಳಿಯನ್ನು ಅದೇ ದಿಕ್ಕಿಗೆ ತಳ್ಳುತ್ತದೆ, ಆದರೆ ಅರೆಮನಸ್ಸಿನಿಂದ. ಹಾಗಾಗಿ ಕಣ್ಣಿಗೆ ತಪ್ಪು ಬೇಗ ಬೀಳುವುದಿಲ್ಲ.

ಎಲೆಕ್ಟ್ರಿಕ್ ಫ್ಯಾನಿನ ಕಥೆ ಬೇರೆ. 1970ರ ದಶಕದ ಕೊನೆಯ ಮಾದರಿಗಳಲ್ಲಿ ಅದು ಕಾರ್ಖಾನೆಯಿಂದಲೇ ಬಂತು. ಹಳೆಯವಕ್ಕೆ ಮಾಲೀಕರೇ ಹಾಕಿಸಿಕೊಂಡರು. ಎಡವುವುದು ಇಲ್ಲೇ. 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಅರ್ಥ್ ಆಗಿರುತ್ತದೆ. ಇಂದಿನ ಫ್ಯಾನ್ ತಯಾರಾಗುವುದು ನೆಗೆಟಿವ್ ಅರ್ಥಿನ ಗಾಡಿಗಳಿಗೆ. ಅದರೊಂದಿಗೆ ಬಂದ ಚೀಟಿಯಲ್ಲಿರುವಂತೆಯೇ ವೈರ್ ಜೋಡಿಸಿದರೆ ಮೋಟಾರು ಹಿಂದುಮುಂದಾಗಿ ತಿರುಗಿ, ರೇಡಿಯೇಟರಿನ ಮೂಲಕ ಒಳಬರಬೇಕಾದ ಗಾಳಿಯನ್ನು ಹೊರಗೆ ನೂಕುತ್ತದೆ. ನಿಂತಾಗ ಎಂಜಿನ್ನಿನ ಬಿಸಿಗಾಳಿಯೇ ರೇಡಿಯೇಟರಿಗೆ, ಓಡುವಾಗ ಎದುರು ಬರುವ ಗಾಳಿಯೊಂದಿಗೆ ಜಗಳ. ಪರೀಕ್ಷೆಗೆ ದಿನಪತ್ರಿಕೆಯ ಒಂದು ಹಾಳೆ ಸಾಕು: ಫ್ಯಾನ್ ತಿರುಗುತ್ತಿರುವಾಗ ಗ್ರಿಲ್ಲಿನ ಮುಂದೆ ಹಿಡಿದರೆ ಅದು ಗ್ರಿಲ್ಲಿಗೆ ಅಂಟಿಕೊಳ್ಳಬೇಕು, ಕೈಯಿಂದ ಹಾರಿದರೆ ವೈರು ಅದಲುಬದಲು. ಫ್ಯಾನ್ ತಿರುಗುವುದೇ ಇಲ್ಲವೆಂದಾದರೆ ಕಾವಿನ ಸ್ವಿಚ್ಚಿನ ಎರಡು ವೈರುಗಳನ್ನು ಒಂದಕ್ಕೊಂದು ತಾಗಿಸಿ ನೋಡಬೇಕು. ಆಗ ತಿರುಗಿದರೆ ಕೆಟ್ಟಿರುವುದು ಸ್ವಿಚ್. ಗಾಳಿಯ ಕೊರತೆ ಎಂಜಿಬಿಯೊಂದರ ಪಾಡಲ್ಲ. 1961ರಲ್ಲಿ ಬಂದ, ನೋಡಿದವರೆಲ್ಲ ಮರುಳಾದ ಜಾಗ್ವಾರ್ ಇ-ಟೈಪಿನ ಮೂತಿ ಎಷ್ಟು ಚಿಕ್ಕದಾಗಿತ್ತೆಂದರೆ, 1968ರ ಎರಡನೇ ಸರಣಿಯಲ್ಲಿ ಬಾಯಿ ಅಗಲಿಸಿ ಎರಡು ಎಲೆಕ್ಟ್ರಿಕ್ ಫ್ಯಾನ್ ಕೊಟ್ಟರು. ಮೊದಲಿನದೇ ಚಂದ ಎನ್ನುವವರು ಇಂದಿಗೂ ಇದ್ದಾರೆ.

ಫ್ಯಾನ್ ಸರಿಯಿದ್ದರೂ ಗಾಳಿ ರೇಡಿಯೇಟರಿನೊಳಗೇ ಹೋಗುತ್ತದೆಂಬ ಖಾತರಿಯಿಲ್ಲ. ನೀರಿನಂತೆ ಗಾಳಿಯೂ ಸುಲಭದ ದಾರಿ ಹಿಡಿಯುತ್ತದೆ. ರೇಡಿಯೇಟರಿನ ಸುತ್ತ, ಬಾನೆಟ್ಟಿನ ಅಡಿಗೆ ಅಂಟಿಸಿದ್ದ ಸ್ಪಂಜಿನ ಪಟ್ಟಿಗಳು ಐವತ್ತು ವರ್ಷದಲ್ಲಿ ಪುಡಿಯಾಗಿ ಉದುರಿಹೋಗಿರುತ್ತವೆ. ಬಂದ ಗಾಳಿ ಆ ಸಂದಿಯಿಂದ ಪಕ್ಕಕ್ಕೆ ಜಾರಿಬಿಡುತ್ತದೆ. ಮುಂದೆ ಆಯಿಲ್ ಕೂಲರ್, ಅದರ ಮುಂದೆ ಎರಡು ದೊಡ್ಡ ಫಾಗ್ ಲ್ಯಾಂಪ್, ಕ್ಲಬ್ಬಿನ ಬಿಲ್ಲೆಗಳ ಸಾಲು, ಇವೆಲ್ಲ ಗಾಳಿಗೆ ಅಡ್ಡ. ರೇಡಿಯೇಟರಿನ ತೆಳು ತಗಡಿನ ಪದರಗಳ ನಡುವೆ ಹುಳುಹುಪ್ಪಟೆ, ಮಣ್ಣು ಸೇರಿಕೊಂಡಿದ್ದರೆ ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಚಿಮುಕಿಸಿ ತೊಳೆಯಬೇಕು. ಜೋರಾದ ಪ್ರೆಶರ್ ವಾಷರ್ ಹಿಡಿದರೆ ಪದರಗಳು ಮಡಚಿಹೋಗಿ ಇದ್ದ ಗಾಳಿಯೂ ನಿಲ್ಲುತ್ತದೆ.

ಈಗ ನೀರಿನ ಕಡೆ. ಅತ್ಯಂತ ಅಗ್ಗದ, ಅತ್ಯಂತ ಅಲಕ್ಷ್ಯಕ್ಕೆ ಗುರಿಯಾದ ಭಾಗ ರೇಡಿಯೇಟರ್ ಮುಚ್ಚಳ. ಅಡುಗೆಮನೆಯ ಕುಕ್ಕರಿಗೆ ವೆಯ್ಟ್ ಮಾಡುವ ಕೆಲಸವನ್ನು ಇಲ್ಲಿ ಮುಚ್ಚಳದೊಳಗಿನ ಸ್ಪ್ರಿಂಗ್ ಮಾಡುತ್ತದೆ. ಒತ್ತಡ ಏರಿದಷ್ಟೂ ನೀರು ಕುದಿಯುವ ಹಂತ ಮೇಲೇರುತ್ತದೆ. ಮೊದಲ ಎಂಜಿಬಿಗಳ ಮುಚ್ಚಳ 7 ಪಿಎಸ್‌ಐಯದು. ನಂತರ 10, ಕೊನೆಕೊನೆಗೆ 13. ಸಮುದ್ರಮಟ್ಟದಲ್ಲಿ 7 ಪಿಎಸ್‌ಐ ಒತ್ತಡದ ಬರೀ ನೀರು ಕುದಿಯುವುದು ಸುಮಾರು 111 ಡಿಗ್ರಿಯಲ್ಲಿ, 13ರಲ್ಲಿ ಸುಮಾರು 119ರಲ್ಲಿ. ಮುಚ್ಚಳದ ರಬ್ಬರ್ ಒಣಗಿ ಒತ್ತಡ ಸೋರಿದರೆ ಈ ಲಾಭವೆಲ್ಲ ಹೋಗಿ 100ಕ್ಕೇ ಕುದಿಯುತ್ತದೆ. ಎತ್ತರದ ಊರುಗಳಲ್ಲಿ ಇನ್ನೂ ಬೇಗ: ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ 94 ಮುಟ್ಟುವುದೂ ಕಷ್ಟ. ಸೋರುವ ಮುಚ್ಚಳದ ಗಾಡಿ ಮಂಗಳೂರಿನಲ್ಲಿ ಹೇಗೋ ಸುಧಾರಿಸಿಕೊಂಡು ಘಟ್ಟ ಹತ್ತಿದ ಮೇಲೆ ಹಬೆ ಉಗುಳಿದರೆ ಅಚ್ಚರಿಯಿಲ್ಲ.

ಹಾಗೆಂದು 7ರ ಜಾಗಕ್ಕೆ 15 ಪಿಎಸ್‌ಐ ಮುಚ್ಚಳ ಹಾಕುವುದು ಬುದ್ಧಿವಂತಿಕೆಯಲ್ಲ. ಹಳೆಯ ರೇಡಿಯೇಟರಿನ ಬೆಸುಗೆ, ಹೀಟರಿನೊಳಗಿನ ಸಣ್ಣ ಕೊಳವೆಗಳು ಆ ಒತ್ತಡಕ್ಕೆಂದು ಮಾಡಿದವಲ್ಲ. ಕುದಿಯುವುದು ನಿಲ್ಲಬಹುದು, ಸೋರುವುದು ಶುರುವಾಗುತ್ತದೆ. ಮುಚ್ಚಳದ ಕತ್ತಿನ ಉದ್ದದಲ್ಲೂ ಎರಡು ಬಗೆಯುಂಟು. ಆಳದ ಕತ್ತಿನ ರೇಡಿಯೇಟರಿಗೆ ಗಿಡ್ಡ ಮುಚ್ಚಳ ಹಾಕಿದರೆ ಅದು ಚೆನ್ನಾಗಿಯೇ ತಿರುಗಿ ಕೂರುತ್ತದೆ, ಆದರೆ ಒಳಗಿನ ರಬ್ಬರ್ ತಳ ಮುಟ್ಟುವುದೇ ಇಲ್ಲ. ಬಿಸಿಯಾಗಿರುವ ಮುಚ್ಚಳವನ್ನು ತೆರೆಯುವ ಮಾತೇ ಬೇಡ. ಒತ್ತಡ ಇಳಿದ ಕ್ಷಣದಲ್ಲಿ 110 ಡಿಗ್ರಿಯ ನೀರು ಹಬೆಯಾಗಿ ಹಾರಿ ಮುಖ ಸುಡುತ್ತದೆ. ಅರ್ಧ ಗಂಟೆಯಾದರೂ ಕಾದು, ದಪ್ಪ ಬಟ್ಟೆ ಹೊದಿಸಿ, ಕಾಲು ಸುತ್ತು ತಿರುಗಿಸಿ, ಸುಯ್ ಎನ್ನುವ ಸದ್ದು ಪೂರ್ತಿ ನಿಂತ ಮೇಲಷ್ಟೇ ತೆಗೆಯಬೇಕು.

ಹಿಗ್ಗಿದ ನೀರನ್ನು ಹಿಡಿದಿಡುವ ಎಕ್ಸ್‌ಪಾನ್ಷನ್ ಟ್ಯಾಂಕ್ ಇಲ್ಲದ ಹಳೆಯ ಎಂಜಿಬಿಗಳಲ್ಲಿ ಇನ್ನೊಂದು ಮೋಸವಿದೆ. ಮಾಲೀಕ ಬೆಳಿಗ್ಗೆ ನೋಡುತ್ತಾನೆ, ನೀರು ಕತ್ತಿನಿಂದ ಒಂದು ಅಂಗುಲ ಕೆಳಗಿದೆ. ಬಾಯಿಮಟ್ಟ ತುಂಬಿಸುತ್ತಾನೆ. ಬಿಸಿಯಾದ ನೀರು ಹಿಗ್ಗಿ, ಹೆಚ್ಚಾದದ್ದು ಸಣ್ಣ ಕೊಳವೆಯಿಂದ ರಸ್ತೆಗೆ ಸುರಿಯುತ್ತದೆ. ಮರುದಿನ ಮತ್ತೆ ಒಂದು ಅಂಗುಲ ಕೆಳಗೆ, ಮತ್ತೆ ಭರ್ತಿ, ಮತ್ತೆ ರಸ್ತೆಗೆ. ಗಾಡಿ ನೀರು ಕುಡಿಯುತ್ತಿದೆ, ಗ್ಯಾಸ್ಕೆಟ್ ಹೋಗಿದೆ ಎಂಬ ತೀರ್ಮಾನಕ್ಕೆ ವಾರ ಸಾಕು. ನಿಜದಲ್ಲಿ ಆ ಒಂದು ಅಂಗುಲ ಹಿಗ್ಗುವುದಕ್ಕೆಂದೇ ಬಿಟ್ಟ ಜಾಗ. ಮಟ್ಟ ಅಲ್ಲೇ ನಿಂತರೆ ಸುಮ್ಮನಿರಬೇಕು. ಅದಕ್ಕಿಂತ ಕೆಳಗೆ ಹೋಗುತ್ತಲೇ ಇದ್ದರೆ ಮಾತ್ರ ಸೋರಿಕೆ ಹುಡುಕಬೇಕು.

ಥರ್ಮೋಸ್ಟಾಟ್ ಬಗೆಗಿನ ತಪ್ಪು ತಿಳಿವಳಿಕೆ ಬಹಳ. ಅದು ಎಂಜಿನ್ನನ್ನು ತಣ್ಣಗಿಡುವ ಸಾಧನವಲ್ಲ. ಎಂಜಿನ್ ಹದವಾಗಿ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಬಾಗಿಲು, ಅಷ್ಟೇ. ಎಂಜಿಬಿಗೆ ಸಾಮಾನ್ಯವಾಗಿ 82 ಡಿಗ್ರಿಯದು, ಬಿಸಿ ಪ್ರದೇಶಗಳಿಗೆ 74ರದು, ಚಳಿಗೆ 88ರದು. 100 ಮುಟ್ಟುತ್ತಿರುವ ಗಾಡಿಯಲ್ಲಿ 82ರದನ್ನು ತೆಗೆದು 74ರದನ್ನು ಹಾಕಿದರೆ ಬಾಗಿಲು ಸ್ವಲ್ಪ ಮೊದಲೇ ತೆರೆಯುತ್ತದೆ; ಪೂರ್ತಿ ತೆರೆದ ಮೇಲೆ ಎರಡೂ ಒಂದೇ. ಕೆಟ್ಟಿದೆಯೇ ಎಂದು ನೋಡಲು ಒಲೆ ಸಾಕು. ಪಾತ್ರೆಯ ನೀರಿನಲ್ಲಿ ಥರ್ಮೋಸ್ಟಾಟನ್ನೂ ಥರ್ಮಾಮೀಟರನ್ನೂ ತಳ ಮುಟ್ಟದಂತೆ ದಾರ ಕಟ್ಟಿ ಇಳಿಬಿಟ್ಟು ಕಾಯಿಸಬೇಕು. ಬರೆದ ಅಂಕಿಯ ಆಸುಪಾಸಿನಲ್ಲಿ ಕವಾಟ ಕದಲಬೇಕು, ಇನ್ನು ಹತ್ತು ಹದಿನೈದು ಡಿಗ್ರಿಯಲ್ಲಿ ಪೂರ್ತಿ ಬಾಯಿ ಬಿಡಬೇಕು. ನೀರು ಕುದಿದರೂ ಮುಚ್ಚಿಯೇ ಇದ್ದರೆ ಕಸದ ಬುಟ್ಟಿಗೆ. ಗಾಡಿಯಲ್ಲೇ ಪರೀಕ್ಷಿಸಬೇಕೆಂದರೆ ರೇಡಿಯೇಟರಿನ ಮೇಲಿನ ಹೋಸಿನ ಮೇಲೆ ಕೈಯಿಡಬೇಕು: ಗೇಜ್ 80 ದಾಟುವವರೆಗೆ ಅದು ಹೆಚ್ಚುಕಡಿಮೆ ತಣ್ಣಗಿದ್ದು, ಆಮೇಲೆ ಒಮ್ಮೆಲೇ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ.

ರೇಡಿಯೇಟರಿನ ಆರೋಗ್ಯ ಹೇಳುವುದು ಅದರ ಮೇಲಿನ ಮತ್ತು ಕೆಳಗಿನ ಹೋಸುಗಳ ಕಾವು. ಥರ್ಮೋಸ್ಟಾಟ್ ತೆರೆದ ಮೇಲೂ ಮೇಲಿನದು ಸುಡುತ್ತಿದ್ದು ಕೆಳಗಿನದು ಬರೀ ಬೆಚ್ಚಗಿದ್ದರೆ ನೀರು ಒಳಗೆ ತೆವಳುತ್ತಿದೆ, ಕೊಳವೆಗಳು ಕಟ್ಟಿಕೊಂಡಿವೆ. ಎರಡೂ ಒಂದೇ ಸಮ ಸುಡುತ್ತಿದ್ದರೆ ನೀರು ಹರಿಯುತ್ತಿದೆ, ಕಾವು ಮಾತ್ರ ಗಾಳಿಗೆ ಹೋಗುತ್ತಿಲ್ಲ. ಹಳೆಯ ತಾಮ್ರ-ಹಿತ್ತಾಳೆಯ ರೇಡಿಯೇಟರುಗಳಲ್ಲಿ ಇದಕ್ಕೊಂದು ಕಣ್ಣಿಗೆ ಕಾಣದ ಕಾರಣವುಂಟು: ಕೊಳವೆಗೂ ಪದರಕ್ಕೂ ನಡುವಿನ ಬೆಸುಗೆ ಕೊಳೆತು ಬಿಟ್ಟುಹೋಗಿರುತ್ತದೆ. ಹೊರಗಿನಿಂದ ಎಲ್ಲ ನೆಟ್ಟಗೆ ಕಾಣುತ್ತದೆ, ಆದರೆ ಬೆರಳಿನಿಂದ ಸವರಿದರೆ ಪದರಗಳು ಅಲುಗಾಡುತ್ತವೆ. ಇಂಥದ್ದನ್ನು ತೊಳೆದು ಪ್ರಯೋಜನವಿಲ್ಲ. ಮೇಲು-ಕೆಳಗಿನ ಟ್ಯಾಂಕುಗಳನ್ನು ಉಳಿಸಿಕೊಂಡು ಹೊಸ ಕೋರ್ ಹಾಕಿಸಬೇಕು. ಹೊಸ ಅಲ್ಯೂಮಿನಿಯಂ ರೇಡಿಯೇಟರಿನ ವಿಚಾರ ಬರುವುದು ಇಷ್ಟೆಲ್ಲ ನೋಡಿದ ಮೇಲೆ.

ಈ ಎಂಜಿನ್ನಿನ ಅಸಲಿ ಗುಟ್ಟು ಇರುವುದು ಬ್ಲಾಕಿನ ಹಿಂಭಾಗದಲ್ಲಿ. ಪಂಪ್ ಮುಂದಿದೆ; ನಾಲ್ಕನೇ ಸಿಲಿಂಡರ್ ಅದರಿಂದ ಅತಿ ದೂರ. ಅಲ್ಲಿ ನೀರಿನ ಓಟ ಮಂದ. ದಶಕಗಳ ತುಕ್ಕು, ಸುಣ್ಣ, ಎರಕದ ಮರಳಿನ ಕಣಗಳು ಕೆಸರಿನಂತೆ ತಳದಲ್ಲಿ ಕೂತು ಗಟ್ಟಿಯಾಗುತ್ತವೆ. ಬ್ಲಾಕಿನ ಹಿಂದಿನ ಡ್ರೈನ್ ನಲ್ಲಿಯನ್ನು ತಿರುಗಿಸಿದಾಗ ಒಂದು ಹನಿಯೂ ಬರದಿದ್ದರೆ ಒಳಗೆ ನೀರಿಲ್ಲವೆಂದಲ್ಲ, ಕೆಸರು ನಲ್ಲಿಯ ಮಟ್ಟವನ್ನೂ ಮೀರಿ ತುಂಬಿದೆಯೆಂದು. ನಲ್ಲಿಯನ್ನೇ ಬಿಚ್ಚಿ ಗಟ್ಟಿ ತಂತಿಯಿಂದ ಕೆದಕಬೇಕು. ಮೊದಲು ಏನೂ ಆಗುವುದಿಲ್ಲ. ನಾಲ್ಕೈದು ಸಲ ಚುಚ್ಚಿ ತಿರುವಿದ ಮೇಲೆ ರಾಗಿ ಅಂಬಲಿಯಂಥ ಕಂದು ರಾಡಿ ಜಿನುಗುತ್ತದೆ, ಆಮೇಲೆ ಒಮ್ಮೆಗೇ ಕೆಂಪು ನೀರು ಚಿಮ್ಮುತ್ತದೆ. ಅನಂತರ ಥರ್ಮೋಸ್ಟಾಟ್ ತೆಗೆದು ಮೇಲಿನಿಂದ ಪೈಪ್ ಹಿಡಿದು, ತಿಳಿನೀರು ಬರುವವರೆಗೆ ತೊಳೆಯಬೇಕು. ಗೇಜಿನ ಮೂಗು ಹೆಡ್ಡಿನ ಮುಂಭಾಗದಲ್ಲಿದೆ, ಕೆಸರು ಹಿಂದೆ. ಹಾಗಾಗಿ ನಾಲ್ಕನೇ ಸಿಲಿಂಡರ್ ಬೇಯುತ್ತಿದ್ದರೂ ಗೇಜಿಗೆ ಸುದ್ದಿ ತಡವಾಗಿ ಮುಟ್ಟುತ್ತದೆ. ರೇಡಿಯೇಟರ್ ಬದಲಿಸಿದರೂ ತೊಂದರೆ ಹೋಗದ ಎಷ್ಟೋ ಗಾಡಿಗಳ ಕಥೆ ಮುಗಿಯುವುದು ಈ ನಲ್ಲಿಯ ಹತ್ತಿರ.

ಬ್ಲಾಕಿನ ಹಿಂಭಾಗದಲ್ಲಿ ಕೆಸರು ತುಂಬುವುದರಲ್ಲಿ ನೀರಿನ ಆಯ್ಕೆಯದೂ ಪಾಲಿದೆ. ಬೋರ್‌ವೆಲ್ ನೀರು ಗೀಸರಿನ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುವುದನ್ನು ಕಂಡವರಿಗೆ ಅದೇ ನೀರು ಎಂಜಿನ್ನಿನೊಳಗೆ ಏನು ಮಾಡುತ್ತದೆಂದು ಹೇಳಬೇಕಿಲ್ಲ. ಆ ಪೊರೆ ಕಬ್ಬಿಣಕ್ಕಿಂತ ಹತ್ತಾರು ಪಟ್ಟು ಕಡಿಮೆ ಕಾವು ದಾಟಿಸುತ್ತದೆ. ಎಂಜಿನ್ನಿಗೆ ಕಂಬಳಿ ಹೊದಿಸಿದಂತೆ. ಡಿಸ್ಟಿಲ್ಡ್ ನೀರು, ಅದಕ್ಕೆ ಕೂಲೆಂಟ್, ಇದೇ ಸರಿಯಾದ ಜೋಡಿ. ಕೂಲೆಂಟ್ ಹೆಚ್ಚಾದಷ್ಟೂ ಒಳ್ಳೆಯದೆಂಬುದು ಮಾತ್ರ ತಪ್ಪು. ಅದರಲ್ಲಿರುವ ಗ್ಲೈಕಾಲ್ ಹೆಪ್ಪುಗಟ್ಟದಂತೆ, ಬೇಗ ಕುದಿಯದಂತೆ ಕಾಯುತ್ತದೆ, ಜೊತೆಗಿರುವ ರಾಸಾಯನಿಕಗಳು ತುಕ್ಕು ತಡೆಯುತ್ತವೆ. ಆದರೆ ಕಾವು ಹೊರುವುದರಲ್ಲಿ ನೀರಿಗೆ ಸಮ ಯಾವುದೂ ಇಲ್ಲ. ಅರ್ಧಕ್ಕರ್ಧ ಬೆರೆಸಿದ ದ್ರಾವಣ ಬರೀ ನೀರಿಗಿಂತ ಸುಮಾರು ಶೇ 15ರಷ್ಟು ಕಡಿಮೆ ಕಾವು ಹೊರುತ್ತದೆ. ಹಿಮ ಬೀಳದ ದಕ್ಷಿಣ ಭಾರತದಲ್ಲಿ ಮೂರನೇ ಒಂದು ಪಾಲು ಕೂಲೆಂಟ್ ಸಾಕು.

ಹೋಸುಗಳಲ್ಲಿ ಕೆಳಗಿನದರ ಮೇಲೆ ಕಣ್ಣಿರಬೇಕು. ಅದು ಪಂಪ್ ನೀರನ್ನು ಹೀರಿಕೊಳ್ಳುವ ದಾರಿ. ರಬ್ಬರ್ ಮೆತ್ತಗಾಗಿದ್ದರೆ ಎಂಜಿನ್ ವೇಗ ಹೆಚ್ಚಿಸಿದಾಗ, ಮಗು ಜೋರಾಗಿ ಎಳೆದ ಜ್ಯೂಸಿನ ಸ್ಟ್ರಾದಂತೆ ಚಪ್ಪಟೆಯಾಗುತ್ತದೆ. ನಿಂತಾಗ ಮತ್ತೆ ದುಂಡಗೆ. ಹೆದ್ದಾರಿಯಲ್ಲಿ ಮಾತ್ರ ಬಿಸಿಯಾಗಿ, ಗ್ಯಾರೇಜಿನಲ್ಲಿ ಏನೂ ತೋರದ ಗಾಡಿಯಲ್ಲಿ ಇದನ್ನು ನೋಡಲು ಒಬ್ಬರು ಆಕ್ಸಿಲರೇಟರ್ ಒತ್ತಬೇಕು, ಇನ್ನೊಬ್ಬರು ಫ್ಯಾನಿನಿಂದ ಕೈ ದೂರವಿಟ್ಟು ಬಗ್ಗಿ ನೋಡಬೇಕು. ಪಂಪಿನ ಅಡಿಯ ಸಣ್ಣ ರಂಧ್ರದಿಂದ ನೀರಿನ ಗೆರೆ ಇಳಿದಿದ್ದರೆ ಅದರ ಸೀಲ್ ಮುಗಿಯಿತು. ಫ್ಯಾನ್ ಹಿಡಿದು ಅಲುಗಿಸಿದಾಗ ಲಟಲಟ ಎಂದರೆ ಬೇರಿಂಗೂ ಮುಗಿಯಿತು.

ಗಾಳಿಯೂ ನೀರೂ ಸರಿಯಿದ್ದು ಕಾವು ಇಳಿಯದಿದ್ದರೆ ಕಾವು ಹುಟ್ಟುವ ಜಾಗ ನೋಡಬೇಕು. ಕಿಡಿ ತಡವಾಗಿ ಹೊತ್ತಿದರೆ ಎಕ್ಸಾಸ್ಟ್ ವಾಲ್ವ್ ತೆರೆಯುವ ಹೊತ್ತಿಗೂ ಉರಿ ಮುಗಿದಿರುವುದಿಲ್ಲ. ಆ ಉರಿ ಹೆಡ್ಡಿನೊಳಗಿನ ಎಕ್ಸಾಸ್ಟ್ ದಾರಿಯನ್ನು ಕಾಯಿಸುತ್ತದೆ, ಅದರ ಸುತ್ತಲೂ ಇರುವುದು ನೀರು. ಈ ಹೆಡ್ಡಿನಲ್ಲಿ ನಡುವಿನ ಎರಡು ಸಿಲಿಂಡರುಗಳ ಹೊಗೆಗೆ ಒಂದೇ ಬಾಗಿಲು ಬೇರೆ. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ಹಿಮ್ಮಡಿ ಸವೆದಂತೆಲ್ಲ ಅಂತರ ಕಿರಿದಾಗಿ ಕಿಡಿ ತಾನಾಗಿಯೇ ಹಿಂದೆ ಬೀಳುತ್ತಾ ಹೋಗುತ್ತದೆ. ಹೋದ ವರ್ಷ ಸರಿಯಿದ್ದ ಟೈಮಿಂಗ್ ಈ ವರ್ಷ ಸರಿಯಿರಬೇಕೆಂದಿಲ್ಲ. ಅಂತರವನ್ನು 0.38 ಮಿಲಿಮೀಟರಿಗೆ ತಂದು ಆಮೇಲೆ ಟೈಮಿಂಗ್ ಕೂರಿಸಬೇಕು. ಕಿಡಿಯನ್ನು ಬೇಗ ಹೊತ್ತಿಸುವ ವ್ಯಾಕ್ಯೂಮ್ ಅಡ್ವಾನ್ಸಿನ ಕೊಳವೆಯನ್ನು ಕಳಚಿ ಬಾಯಿಂದ ಎಳೆದು ನೋಡಬೇಕು. ಒಳಗಿನ ತಟ್ಟೆ ಸರಿದು, ನಾಲಿಗೆಯಿಂದ ಕೊಳವೆ ಮುಚ್ಚಿದರೆ ಅಲ್ಲೇ ನಿಲ್ಲಬೇಕು; ಗಾಳಿ ಸರಾಗವಾಗಿ ಬಂದರೆ ಒಳಗಿನ ಪೊರೆ ಹರಿದಿದೆ.

ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚಾದ ಮಿಶ್ರಣವೂ ಎಂಜಿನ್ನನ್ನು ಕಾಯಿಸುತ್ತದೆ. ಪ್ಲಗ್ ಬಿಚ್ಚಿದಾಗ ತುದಿ ಹಾಲು ಬೆರೆತ ಕಾಫಿಯ ಬಣ್ಣದಲ್ಲಿರಬೇಕು. ಸುಣ್ಣದಂತೆ ಬೆಳ್ಳಗಿದ್ದರೆ ಮಿಶ್ರಣ ತೆಳು. ಅವಳಿ ಎಸ್‌ಯು ಕಾರ್ಬ್ಯುರೇಟರುಗಳ ಸ್ಪಿಂಡಲ್ ಸವೆದು ಪಕ್ಕದಿಂದ ಗಾಳಿ ನುಗ್ಗುವುದು ಹಳೆಯ ಕಾಯಿಲೆ. ಇದಕ್ಕೆ ಈಗ ಎಥನಾಲ್ ಸೇರಿದೆ. ಭಾರತದ ಬಂಕುಗಳ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದರೊಳಗೇ ಆಮ್ಲಜನಕ ಇರುವುದರಿಂದ, ಬರೀ ಪೆಟ್ರೋಲಿಗೆ ಹೊಂದಿಸಿದ ಕಾರ್ಬ್ಯುರೇಟರಿನಲ್ಲಿ ಮಿಶ್ರಣ ತಾನಾಗಿಯೇ ತೆಳುವಾಗುತ್ತದೆ. ಹೊಸ ಗಾಡಿಯ ಕಂಪ್ಯೂಟರ್ ಅದನ್ನು ಸರಿದೂಗಿಸುತ್ತದೆ. ಎಸ್‌ಯುಗೆ ಜೆಟ್ಟಿನ ನಟ್ಟನ್ನು ಕೈಯಾರೆ ತಿರುಗಿಸಿ ಹದ ಮಾಡಬೇಕು.

ಕೊನೆಗೆ ಉಳಿಯುವುದು ಎಲ್ಲರೂ ಹೆದರುವ ಹೆಡ್ ಗ್ಯಾಸ್ಕೆಟ್. ತಣ್ಣಗಿನ ಎಂಜಿನ್ ಹಚ್ಚಿದ ಒಂದೆರಡು ನಿಮಿಷದಲ್ಲೇ, ನೀರಿನ್ನೂ ಬೆಚ್ಚಗಾಗುವ ಮುಂಚೆ, ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಸಿಲಿಂಡರಿನ ಅನಿಲ ನೀರಿಗೆ ನುಗ್ಗುತ್ತಿದೆ. ಮುಚ್ಚಳ ತೆಗೆದ ರೇಡಿಯೇಟರಿನಲ್ಲಿ ಎಡೆಬಿಡದೆ ಗುಳ್ಳೆ ಏಳುವುದು, ಸೈಲೆನ್ಸರಿನಿಂದ ಸಿಹಿವಾಸನೆಯ ಬಿಳಿ ಹೊಗೆ ಬರುವುದು, ಆಯಿಲ್ ಮಜ್ಜಿಗೆಯಂತಾಗುವುದು ಉಳಿದ ಲಕ್ಷಣಗಳು. ಅನುಮಾನವಿದ್ದರೆ ರಾಸಾಯನಿಕ ಪರೀಕ್ಷೆಯಿದೆ: ರೇಡಿಯೇಟರಿನ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆದಾಗ ಅದು ಹಳದಿಗೆ ತಿರುಗಿದರೆ ಅಲ್ಲಿ ಹೊಗೆಯ ಇಂಗಾಲದ ಡೈಆಕ್ಸೈಡ್ ಇದೆ. ಹೆಡ್ ಇಳಿಸಿದ ಮೇಲೆ ಅದು ಸೊಟ್ಟಗಾಗಿದೆಯೇ, ವಾಲ್ವ್ ಸೀಟುಗಳ ನಡುವೆ ಬಿರುಕಿದೆಯೇ ಎಂದು ನೋಡದೆ ಹೊಸ ಗ್ಯಾಸ್ಕೆಟ್ ಹಾಕುವುದು ದಂಡ. ಗ್ಯಾಸ್ಕೆಟ್ಟಿನ ಮೇಲೆ ಯಾವುದು ಮುಂದೆ, ಯಾವುದು ಮೇಲೆ ಎಂದು ಅಚ್ಚೊತ್ತಿರುತ್ತದೆ. ತಿರುವಿ ಹಾಕಿದರೆ ನೀರಿನ ದಾರಿಗಳೇ ಮುಚ್ಚಿಹೋಗುತ್ತವೆ.

ವಿನ್ಯಾಸವೇ ಎಡವಿದ ಗಾಡಿಗಳೂ ಇಲ್ಲದಿಲ್ಲ. 1970ರಿಂದ 1977ರವರೆಗೆ 25,877 ತಯಾರಾದ ಟ್ರಯಂಫ್ ಸ್ಟ್ಯಾಗಿನ 2,997 ಸಿಸಿ ವಿ8 ಎಂಜಿನ್ನಿನಲ್ಲಿ ನೀರಿನ ಪಂಪನ್ನು ಎರಡು ಸಾಲು ಸಿಲಿಂಡರುಗಳ ನಡುವೆ, ಎತ್ತರದಲ್ಲಿ ಕೂರಿಸಿದ್ದರು. ನೀರು ಸ್ವಲ್ಪ ಕಡಿಮೆಯಾದರೂ ಮೊದಲು ಒಣಗುವುದು ಪಂಪೇ. ಬೀಡುಕಬ್ಬಿಣದ ಬ್ಲಾಕಿನ ಮೇಲಿನ ಅಲ್ಯೂಮಿನಿಯಂ ಹೆಡ್ಡುಗಳು ಆಮೇಲೆ ಸೊಟ್ಟಗಾಗಲು ಹೆಚ್ಚು ಹೊತ್ತು ಬೇಡ. ಅದರ ಪಕ್ಕದಲ್ಲಿ ಎಂಜಿಬಿ ಬಹಳ ಸಹನೆಯ ಗಾಡಿ.

ದಾರಿಯಲ್ಲೇ ಮುಳ್ಳು ಏರಿದರೆ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಅದರ ಫ್ಯಾನ್ ಹಚ್ಚಬೇಕು. ಅದು ಎರಡನೆಯ ಪುಟ್ಟ ರೇಡಿಯೇಟರ್. ಕಾಲಿಗೆ ಬೆಂಕಿ ತಾಗಿದಂತಾದರೂ ಎಂಜಿನ್ ಉಳಿಯುತ್ತದೆ. ಬೆಲ್ಟ್ ಹರಿದಿದ್ದರೆ, ಹಬೆ ಏಳುತ್ತಿದ್ದರೆ ತಕ್ಷಣ ಆರಿಸಬೇಕು. ಎರಡೂ ಇಲ್ಲದಿದ್ದರೆ ನೆರಳಿನಲ್ಲಿ ನಿಲ್ಲಿಸಿ, ಬಾನೆಟ್ ಎತ್ತಿ, ಸ್ವಲ್ಪ ಹೆಚ್ಚಿನ ಐಡಲಿನಲ್ಲಿ ಒಂದೆರಡು ನಿಮಿಷ ಓಡಲು ಬಿಡಬೇಕು. ಸುಡುವ ಬೀಡುಕಬ್ಬಿಣಕ್ಕೆ ತಣ್ಣೀರು ಸುರಿದರೆ ಬಿರುಕು ಬಿಡುತ್ತದೆ.

ಕೆಲಸ ಮುಗಿಸಿ ಮತ್ತೆ ನೀರು ತುಂಬುವಾಗ ಗಾಳಿ ಸಿಕ್ಕಿಹಾಕಿಕೊಂಡರೆ ಇಡೀ ಶ್ರಮ ನೀರುಪಾಲು. ಗಾಡಿಯ ಮೂತಿಯನ್ನು ಜ್ಯಾಕಿನಿಂದ ಎತ್ತಿ, ಹೀಟರ್ ವಾಲ್ವ್ ತೆರೆದು, ಮುಚ್ಚಳ ತೆಗೆದಿಟ್ಟು ನಿಧಾನವಾಗಿ ಸುರಿಯಬೇಕು, ನಡುನಡುವೆ ಮೇಲಿನ ಹೋಸನ್ನು ಹಿಸುಕಬೇಕು. ಗುಳುಗುಳು ಎಂದು ಗುಳ್ಳೆ ಬಂದಷ್ಟೂ ಒಳ್ಳೆಯದು. ಎಂಜಿನ್ ಹಚ್ಚಿ, ಥರ್ಮೋಸ್ಟಾಟ್ ತೆರೆದಾಗ ಇಳಿಯುವ ಮಟ್ಟವನ್ನು ತುಂಬಿಸಿ ಮುಚ್ಚಳ ಹಾಕಬೇಕು. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ರಾತ್ರಿಯಿಡೀ ಆರಲು ಬಿಟ್ಟು, ಬೆಳಿಗ್ಗೆ ಮುಚ್ಚಳ ತೆರೆದಾಗ ನೀರು ಕತ್ತಿನಿಂದ ಒಂದು ಅಂಗುಲ ಕೆಳಗಿದ್ದರೆ ನೀರಿನ ಬಾಟಲಿಯೊಂದನ್ನು ಡಿಕ್ಕಿಗೆ ಹಾಕಿ ಹೊರಡಬಹುದು.